ಹಿತ್ತಲ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ

ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ಬೆಳೆದ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಬಹುಬೇಗ ಮೂರು ಸಂಗತಿಗಳ ಕಡೆ ಹೊರಳುತ್ತದೆ: ಮನೆಯಲ್ಲಿದ್ದ ನಾಯಿ-ಬೆಕ್ಕು, ಹಿತ್ತಲಲ್ಲಿ ಕಂಡ ಹಕ್ಕಿ-ಹಾವು, ಓದಿದ ಶಾಲೆ. ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಈ ಹರಟೆ ನಡೆದೇ ಇರುತ್ತದೆ. ಈ ಮೂರು ಮಾತುಗಳಿಗೂ ಒಂದೇ ಎಳೆ ಇದೆ. ಮಗು ಪ್ರಾಣಿಲೋಕವನ್ನು ಮೊದಲು ಅರಿಯುವುದು ಹಿತ್ತಲಿಗೂ ಶಾಲೆಗೂ ನಡುವಿನ ಪುಟ್ಟ ಹಾದಿಯಲ್ಲಿ. ಅಲ್ಲಿ ಕಾಣುವ ಒಂದೊಂದು ಜೀವಿಯೂ ಒಂದು ಗಿಡವನ್ನೋ ಗೋಡೆಯ ಸಂದನ್ನೋ ಒಂದಿಷ್ಟು ನೀರನ್ನೋ ಒಂದು ತುಂಡು ಬರಿನೆಲವನ್ನೋ ನಂಬಿ ಬದುಕಿರುತ್ತದೆ. ಆ ಆಸರೆಗಳು ಯಾವುವು ಎಂದು ತಿಳಿದುಕೊಂಡರೆ ಅವುಗಳನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಅಂಗಳದ ನಾಯಿ

ಸಾಕುಪ್ರಾಣಿಗಳ ಮಾತಿನಲ್ಲಿ ನಾಯಿಗೇ ಮೊದಲ ಮಣೆ. ಕನ್ನಡ ನಾಡಿನ ನಾಯಿಪ್ರೀತಿಗೆ ಸಾವಿರ ವರ್ಷಕ್ಕೂ ಹಳೆಯ ಸಾಕ್ಷಿಯೊಂದು ಕಲ್ಲಿನಲ್ಲೇ ಉಳಿದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗರು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೇಕಾದ್ದನ್ನು ಕೇಳೆಂದು ದೊರೆ ಹೇಳಿದಾಗ ಅವನು ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಕಾಳಿ ಅದರೊಡನೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತವು. ಕಾಳಿಯ ನೆನಪಿಗೆ ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಡಿಸಿದ. ನಾಯಿ, ಹಂದಿಗಳ ಕಾಳಗದ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಸೀಮೆಗೆ ದೂರವಲ್ಲದ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೇ ಕಟ್ಟಿದ ಗುಡಿಯಲ್ಲಿ ಪೂಜೆ ನಡೆಯುತ್ತದೆ.

ರಾಜ್ಯದ ಹೆಸರಾಂತ ತಳಿ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ತೆಳ್ಳನೆಯ ಸೊಂಟ, ನೀಳ ಮೂತಿ, ಉದ್ದ ಕಾಲುಗಳ ಈ ಬೇಟೆನಾಯಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದರು. ದೃಷ್ಟಿಯ ಬಲದಿಂದ ಬೇಟೆಯನ್ನು ಗುರುತಿಸಿ ಓಡುವುದು ಇದರ ಗುಣ. 2005ರಲ್ಲಿ ಅಂಚೆ ಇಲಾಖೆ ಭಾರತದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರತಂದಾಗ ಮುಧೋಳವೂ ಅವುಗಳಲ್ಲಿ ಒಂದಾಗಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಭಾರತೀಯ ಸೇನೆ ಇಲ್ಲಿಂದ ಮರಿಗಳನ್ನು ತರಬೇತಿಗೆ ಪಡೆಯಿತು.

ಆದರೆ ಬಹುಪಾಲು ಮನೆಗಳ ನೆನಪಿನಲ್ಲಿರುವುದು ತಳಿಯ ಹೆಸರಿಲ್ಲದ ನಾಟಿ ನಾಯಿ. ಕರಿಯ, ಕೆಂಚ, ಟಾಮಿ, ರಾಜು ಎಂಬ ಹೆಸರುಗಳಲ್ಲಿ ಅದು ಮುದ್ದೆ, ರೊಟ್ಟಿ, ಮಜ್ಜಿಗೆ ಅನ್ನ ತಿಂದು ಅಂಗಳ ಕಾದುಕೊಂಡು, ಮಕ್ಕಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿತ್ತು. ಕನ್ನಡ ಸಾಹಿತ್ಯದಲ್ಲೂ ಇಂಥ ನಾಯಿಗಳಿಗೆ ದೊಡ್ಡ ಜಾಗವಿದೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಬಾಡು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಕಿವಿ ಬರೀ ಪ್ರಾಣಿಗಳಾಗಿ ಬಾರದೆ ಪಾತ್ರಗಳೇ ಆಗಿವೆ. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯವನ್ನು ಬಾಯಿಪಾಠ ಮಾಡದೆ ಪ್ರಾಥಮಿಕ ಶಾಲೆ ದಾಟಿದ ಕನ್ನಡದ ಮಗು ಸಿಗುವುದು ಅಪರೂಪ.

ನಾಯಿಯೊಡನೆ ಬರುವ ಹೊಣೆಯೂ ಸಣ್ಣದಲ್ಲ. ರೇಬೀಸ್ ವೈರಾಣು ಸೋಂಕಿತ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಆದ್ದರಿಂದ ನಾಯಿ ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆಯ ಎಲ್ಲ ಸರದಿಗಳನ್ನೂ ಪೂರೈಸಬೇಕು. ಸುಣ್ಣ, ಅರಿಶಿನ, ಖಾರದಪುಡಿ ಮೆತ್ತುವುದರಿಂದ ಕೇಡೇ ಹೆಚ್ಚು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸುತ್ತ ಹೋಗುವುದು ಸಾಕಿದವರ ಕರ್ತವ್ಯ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ.

ಬೆಕ್ಕು, ಕೋಳಿ, ಪಂಜರದ ಗಿಳಿ

ಬೆಕ್ಕು ಮನೆ ಸೇರಿದ್ದು ಇಲಿಯ ಕಾರಣಕ್ಕೆ. ಕಣಜ, ಅಟ್ಟ, ರಾಗಿ ಮೂಟೆಗಳಿದ್ದ ಮನೆಗಳಲ್ಲಿ ಅದಕ್ಕೆ ಕೈತುಂಬ ಕೆಲಸವಿತ್ತು. ಮರಿ ಹಾಕಿದ ಬೆಕ್ಕು ಅವುಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ನಾಡಿನಾದ್ಯಂತ ಇದೆ. ಏಳರ ಲೆಕ್ಕ ಹೇಗೇ ಇರಲಿ, ತಾಯಿಬೆಕ್ಕು ಮರಿಗಳ ಕತ್ತಿನ ಹಿಂದಿನ ತೊಗಲನ್ನು ಕಚ್ಚಿ ಹಿಡಿದು ಆಗಾಗ ಜಾಗ ಬದಲಿಸುವುದು ನಿಜ. ಮರಿಗಳಿರುವ ಜಾಗದ ವಾಸನೆ ಹರಡಿ ಗಂಡುಬೆಕ್ಕು, ನಾಯಿಗಳ ಕಣ್ಣಿಗೆ ಬೀಳದಿರಲೆಂದು ಅದು ಹಾಗೆ ಮಾಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಕೇಳಿ ಬೆಳೆದವರು ಬೆಕ್ಕಿಗೆ ಹಾಲೇ ಊಟವೆಂದು ನಂಬುತ್ತಾರೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಅದು ಮಾಂಸಾಹಾರಿ ಪ್ರಾಣಿ, ಕುಡಿಯಲು ಸದಾ ಶುದ್ಧ ನೀರು ಬೇಕು.

ಹಿತ್ತಲಿನ ನಾಟಿ ಕೋಳಿ ಮಕ್ಕಳಿಗೆ ದಿನ ಎಣಿಸುವುದನ್ನು ಕಲಿಸುತ್ತದೆ. ಕಾವಿಗೆ ಕೂತ ಹೇಂಟೆ ಆಹಾರಕ್ಕೆಂದು ಸ್ವಲ್ಪ ಹೊತ್ತು ಎದ್ದು ಬಂದು ಮತ್ತೆ ಮೊಟ್ಟೆಗಳ ಮೇಲೆ ಕೂರುತ್ತದೆ, ಕೊಕ್ಕಿನಿಂದ ಅವುಗಳನ್ನು ತಿರುವುತ್ತಿರುತ್ತದೆ. 21ನೇ ದಿನದ ಹೊತ್ತಿಗೆ ಚಿಪ್ಪಿನೊಳಗಿಂದ ಚಿಂವ್ ಸದ್ದು ಕೇಳುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಆಗ ಪುಟ್ಟ ಬಿಳಿ ಗಟ್ಟಿ ಮೊನೆ ಇರುತ್ತದೆ. ಅದರಿಂದಲೇ ಚಿಪ್ಪು ಒಡೆದು ಹೊರಬರುತ್ತದೆ, ಕೆಲವು ದಿನಗಳಲ್ಲಿ ಮೊನೆ ಉದುರಿ ಹೋಗುತ್ತದೆ. ಹದ್ದು, ಕಾಗೆಗಳಿಂದ ಮರಿಗಳನ್ನು ಕಾಯಲು ಮಂಕರಿ ಕವುಚಿ ಇಡುವುದು ರೂಢಿ.

ಗಿಳಿಯ ಮಾತು ಬೇರೆ. ಪಂಜರದ ಗಿಳಿಗೆ ಮಾತು ಕಲಿಸಿದ ನೆನಪನ್ನು ಹಿರಿಯರು ಹೇಳುವುದುಂಟು. ಆದರೆ ಊರಿನಲ್ಲಿ ಕಾಣುವ ಹಸಿರು ಗಿಳಿಗಳು ಕಾಡುಜೀವಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ನಕ್ಷತ್ರ ಆಮೆಗೂ ಇದೇ ಮಾತು ಅನ್ವಯಿಸುತ್ತದೆ. ಗಿಳಿಗಳನ್ನು ನೋಡಬೇಕೆಂದರೆ ಹಿತ್ತಲಲ್ಲಿ ಸೀಬೆ ಮರವಿದ್ದರೆ ಸಾಕು, ಅವು ತಾವಾಗಿಯೇ ಬರುತ್ತವೆ.

ಕರಿಬೇವಿನ ಗಿಡದ ಮೇಲೆ

ಕನ್ನಡದ ಮನೆಗಳ ಹಿತ್ತಲಲ್ಲಿ ತುಳಸಿಯಷ್ಟೇ ಸಾಮಾನ್ಯವಾದ ಗಿಡ ಕರಿಬೇವು. ಒಗ್ಗರಣೆಗೆ ಎಲೆ ಕೀಳುವ ಆ ಗಿಡವೇ ಒಂದು ಚಿಟ್ಟೆಯ ತೊಟ್ಟಿಲು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಕರಿಬೇವು, ನಿಂಬೆಯಂಥ ಒಂದೇ ಕುಲದ ಗಿಡಗಳನ್ನು ಹುಡುಕಿ ಮೊಟ್ಟೆ ಇಡುತ್ತದೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕೂತು ಮುಂಗಾಲುಗಳಿಂದ ಮೇಲ್ಮೈಯನ್ನು ತಟ್ಟುತ್ತದೆ. ಕಾಲಿನಲ್ಲಿರುವ ರುಚಿ ಗ್ರಹಿಸುವ ಅಂಗಗಳು ಇದು ಸರಿಯಾದ ಗಿಡ ಹೌದೋ ಅಲ್ಲವೋ ಎಂದು ತಿಳಿಸುತ್ತವೆ. ಗಿಡ ಸರಿಯಾಗಿದ್ದರೆ ಎಳೆ ಎಲೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ, ತಿಳಿ ಹಳದಿ ಬಣ್ಣದ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹಾರುತ್ತದೆ.

ಮೂರು ನಾಲ್ಕು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ಆರಂಭದಲ್ಲಿ ಅದರ ಮೈ ಕಂದು, ನಡುವೆ ಬಿಳಿ ಪಟ್ಟೆ. ನೋಡಿದವರಿಗೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎನಿಸುತ್ತದೆ. ಹಕ್ಕಿಗಳಿಗೂ ಹಾಗೇ ಅನಿಸುವುದರಿಂದ ಅದರ ಜೀವ ಉಳಿಯುತ್ತದೆ. ನಾಲ್ಕು ಬಾರಿ ಪೊರೆ ಕಳಚಿ ಬೆರಳುದ್ದವಾದಾಗ ಬಣ್ಣ ಎಲೆಹಸಿರಿಗೆ ತಿರುಗುತ್ತದೆ, ಎದೆಭಾಗದಲ್ಲಿ ಕಣ್ಣಿನಂಥ ಗುರುತುಗಳು ಮೂಡುತ್ತವೆ. ಈಗ ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಬಣ್ಣದ ಕವಲುಕೊಂಬೊಂದು ಥಟ್ಟನೆ ಹೊರಚಾಚುತ್ತದೆ, ಘಾಟು ವಾಸನೆ ಹರಡುತ್ತದೆ. ಇರುವೆಗಳನ್ನೂ ಸಣ್ಣ ಜೇಡಗಳನ್ನೂ ಓಡಿಸಲು ಅದಕ್ಕಿರುವ ಆಯುಧ ಇದೊಂದೇ. ಮಕ್ಕಳು ಮೂಗು ಮುಚ್ಚಿಕೊಂಡು ಕೂಗುವುದೂ ಆಗಲೇ.

ಕೋಶವಾಗುವ ಮುನ್ನ ಹುಳು ಕಡ್ಡಿಯೊಂದರ ಮೇಲೆ ರೇಷ್ಮೆಯ ಮೆತ್ತೆ ನೇಯ್ದು ಬಾಲದ ತುದಿಯನ್ನು ಅದಕ್ಕೆ ಸಿಕ್ಕಿಸುತ್ತದೆ. ನಡುವಿಗೆ ಎಳೆಯೊಂದನ್ನು ಸುತ್ತಿಕೊಂಡು ಹಿಂದಕ್ಕೆ ಒರಗಿ ನಿಲ್ಲುತ್ತದೆ. ಹಸಿರು ಕೊಂಬೆಯ ಮೇಲಾದರೆ ಕೋಶದ ಬಣ್ಣ ಹಸಿರು, ಒಣಕಡ್ಡಿಯ ಮೇಲಾದರೆ ಕಂದು. ಮೊಟ್ಟೆಯಿಂದ ಚಿಟ್ಟೆಯವರೆಗಿನ ಈ ಪಯಣ ಸುಮಾರು ಒಂದು ತಿಂಗಳಿನಲ್ಲಿ ಮುಗಿಯುತ್ತದೆ. ಹೊರಬಂದ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದರೆ, ಇನ್ನು ಕೆಲವು ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳಿರುವ ರೋಸ್ ಚಿಟ್ಟೆಗಳನ್ನು ಹೋಲುತ್ತವೆ. ರೋಸ್ ಚಿಟ್ಟೆಯ ಹುಳು ಈಶ್ವರಿ ಬಳ್ಳಿಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಆ ಚಿಟ್ಟೆಯ ಗೊಡವೆಗೆ ಹೋಗುವುದಿಲ್ಲ. ವಿಷವಿಲ್ಲದ ಮಾರ್ಮನ್ ಆ ವೇಷದ ಲಾಭ ಪಡೆಯುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಇದೇ ಈಶ್ವರಿ ಬಳ್ಳಿಯ ಕುಲವನ್ನೇ ನಂಬಿದೆ.

ಬೇರೆ ಗಿಡಗಳಿಗೆ ಬೇರೆ ಒಕ್ಕಲು. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆ ಹುಳುಗಳಿರುತ್ತವೆ. ಕಣಗಿಲೆಯ ಎಲೆಯಡಿಯಲ್ಲಿ ಕಾಮನ್ ಕ್ರೋ ಚಿಟ್ಟೆಯ ಬೆಳ್ಳಿಯಂತೆ ಹೊಳೆಯುವ ಕೋಶ ತೂಗುತ್ತಿರುತ್ತದೆ. ಕರಿಬೇವಿನ ಹತ್ತಾರು ಎಲೆ ಹುಳುವಿನ ಪಾಲಾದರೂ ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಕೀಟನಾಶಕ ಹೊಡೆದರೆ ಚಿಟ್ಟೆಯ ಜೊತೆ ಅದನ್ನು ತಿನ್ನುವ ಹಕ್ಕಿಗೂ ಕುತ್ತು, ಅದೇ ಎಲೆ ಬಿದ್ದ ಸಾರು ಉಣ್ಣುವ ಮನೆಯವರಿಗೂ ಕುತ್ತು.

ಸೂರಿನಲ್ಲಿ ಗುಬ್ಬಿ, ಎಲೆಯಲ್ಲಿ ಸಿಂಪಿಗ

ಹಂಚಿನ ಮನೆಯ ಸೂರು, ಗೋಡೆಗೆ ಓರೆಯಾಗಿ ನೇತುಹಾಕಿದ ಫೋಟೋ ಹಿಂದಿನ ಸಂದು, ಮೀಟರ್ ಪೆಟ್ಟಿಗೆ ಗುಬ್ಬಚ್ಚಿಯ ಮೆಚ್ಚಿನ ಜಾಗಗಳು. ಮೊರದಲ್ಲಿ ಅಕ್ಕಿ ಕೇರುವಾಗ ಬಿದ್ದ ನುಚ್ಚು ಅದರ ಆಹಾರ. ಮರಿಗಳಿಗೆ ಮಾತ್ರ ಮೊದಲ ದಿನಗಳಲ್ಲಿ ಕಾಳು ಸಾಲದು, ಮೆತ್ತನೆಯ ಹುಳುಗಳು ಬೇಕು. ಸೂರು ತಾರಸಿಯಾಗಿ, ಅಕ್ಕಿ ಪ್ಯಾಕೆಟ್ಟಿನಲ್ಲಿ ಬಂದು, ಹಿತ್ತಲು ಸಿಮೆಂಟಾದ ಕಡೆ ಗುಬ್ಬಿಗೆ ಮೂರೂ ತಪ್ಪಿಹೋದವು. 2020ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿಯ ಪ್ರಕಾರ ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಇಳಿದಿರುವುದು ದೊಡ್ಡ ನಗರಗಳಲ್ಲಿ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದಂದು ಗೂಡುಪೆಟ್ಟಿಗೆ ಹಂಚುವ ರೂಢಿ ಇದೆ. ಪೆಟ್ಟಿಗೆಯ ತೂತು ಸುಮಾರು 32 ಮಿ.ಮೀ. ಇದ್ದರೆ ಗುಬ್ಬಿ ನುಸುಳಬಲ್ಲದು, ದೊಡ್ಡ ಹಕ್ಕಿಗಳು ತೂರಲಾರವು. ಬಿಸಿಲು ನೇರವಾಗಿ ಬೀಳದ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ಅದನ್ನು ಕಟ್ಟಬೇಕು.

ಸಿಂಪಿಗ ಹಕ್ಕಿ ಗುಬ್ಬಿಗಿಂತ ಚಿಕ್ಕದು, ದನಿ ಮಾತ್ರ ಬೀದಿಯ ಆಚೆಗೂ ಕೇಳುವಂಥದ್ದು. ಅಗಲ ಎಲೆಯ ಗಿಡವೊಂದನ್ನು ಆರಿಸಿ, ಎಲೆಯ ಎರಡೂ ಅಂಚಿನಲ್ಲಿ ಕೊಕ್ಕಿನಿಂದ ಸಾಲಾಗಿ ತೂತು ಮಾಡುತ್ತದೆ. ಜೇಡರ ಬಲೆ, ಹತ್ತಿಯ ನಾರನ್ನು ಆ ತೂತುಗಳಲ್ಲಿ ತೂರಿಸಿ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಹೊರಗೆ ಬಂದ ನಾರಿನ ತುದಿ ಕೆದರಿಕೊಂಡು ಗಂಟಿನ ಕೆಲಸ ಮಾಡುವುದರಿಂದ ಹೊಲಿಗೆ ಬಿಚ್ಚುವುದಿಲ್ಲ. ಈ ಎಲೆಯ ಚೀಲದೊಳಗೆ ಹತ್ತಿ ಹಾಸಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಎಲೆ ಗಿಡಕ್ಕೆ ಅಂಟಿಕೊಂಡೇ ಹಸಿರಾಗಿರುವುದರಿಂದ ಗೂಡು ಕಣ್ಣಿಗೆ ಬೀಳುವುದಿಲ್ಲ. ದಾಸವಾಳದ ಮಕರಂದಕ್ಕೆ ಬರುವ ಸೂರಕ್ಕಿ ತೆಳುಕೊಂಬೆಯ ತುದಿಗೆ ಜೋತಾಡುವ ಗೂಡು ಕಟ್ಟಿ, ಹೊರಮೈಗೆ ತೊಗಟೆ ಚೂರು, ಒಣ ಎಲೆ, ಹುಳುಗಳ ಹಿಕ್ಕೆ ಮೆತ್ತುತ್ತದೆ. ಗೂಡಿನ ಬದಲು ಕಸದ ಉಂಡೆಯೊಂದು ಬಲೆಗೆ ಸಿಕ್ಕಿ ತೂಗುತ್ತಿರುವಂತೆ ಕಾಣುತ್ತದೆ.

ಕೋಗಿಲೆ ಗೂಡನ್ನೇ ಕಟ್ಟುವುದಿಲ್ಲ. ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟುಹೋಗುತ್ತದೆ. ಕೋಗಿಲೆಯ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಮೊದಲೇ ಒಡೆಯುವುದರಿಂದ ಆ ಮರಿಗೆ ಮೊದಲ ತುತ್ತು ಸಿಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಏರುದನಿಯಲ್ಲಿ ಕೂಗುವುದು ಕಪ್ಪು ಗಂಡು. ಕಂದು ಮೈಗೆ ಬಿಳಿ ಚುಕ್ಕೆಗಳಿರುವ ಹೆಣ್ಣನ್ನು ಅನೇಕರು ಬೇರೆ ಹಕ್ಕಿಯೆಂದೇ ತಿಳಿಯುತ್ತಾರೆ. ಹಿತ್ತಲಿನ ಅಳಿಲು ಬೆನ್ನಿನ ಮೂರು ಗೆರೆಗಳಿಂದ ರಾಮಾಯಣದ ಕತೆಗೆ ಸೇರಿದೆ. ಉತ್ತರ ಭಾರತದ ಊರುಗಳಲ್ಲಿ ಓಡಾಡುವ ಅಳಿಲಿನ ಬೆನ್ನಿಗೆ ಐದು ಗೆರೆಗಳಿವೆ. ಅದು ಬೇರೆಯೇ ಪ್ರಭೇದ.

ಬೇಲಿ, ಕಟ್ಟಿಗೆ ರಾಶಿ, ಬಚ್ಚಲ ನೀರು

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆ ಪ್ರಾಣಿಯ ನೆಲೆಯನ್ನೂ ಸರಿಯಾಗಿ ಹೇಳುತ್ತದೆ. ಕಳ್ಳಿ, ಲಂಟಾನದ ಬೇಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂರುವ ಓತಿ ಸಂತಾನದ ಕಾಲದಲ್ಲಿ ಕತ್ತು ಕೆಂಪಾಗಿಸಿಕೊಂಡು ಮುಂಗಾಲಿನ ಮೇಲೆ ಎದ್ದು ಎದ್ದು ಕೂರುತ್ತದೆ. ಎದುರಾಳಿ ಗಂಡುಗಳಿಗೆ ಇದು ನನ್ನ ಜಾಗವೆಂದು ಸಾರುವ ಬಗೆ ಅದು. ಇದಕ್ಕಾಗಿ ಮಕ್ಕಳ ಕಲ್ಲೇಟು ತಿಂದ ಓತಿಗಳಿಗೆ ಲೆಕ್ಕವಿಲ್ಲ. ನುಣುಪು ಮೈಯ ಹಾವುರಾಣಿಯದೂ ಇದೇ ಪಾಡು. ಅದು ಕಚ್ಚಿದರೆ ಬದುಕುವುದಿಲ್ಲವೆಂಬ ನಂಬಿಕೆ ಇದೆ, ಆದರೆ ಅದಕ್ಕೆ ವಿಷವೇ ಇಲ್ಲ. ಓತಿ, ಹಾವುರಾಣಿ, ಹಲ್ಲಿ ಮೂರೂ ಮನೆಯ ಸುತ್ತಲಿನ ಹುಳುಹುಪ್ಪಟೆಗಳನ್ನು ತಿಂದು ಬದುಕುತ್ತವೆ.

ಕಟ್ಟಿಗೆ ರಾಶಿಯಲ್ಲಿ ಇಲಿ ಇದ್ದರೆ ಕೇರೆಹಾವು ಬರುವುದು ಸಹಜ. ಎರಡು ಮೀಟರಿಗೂ ಉದ್ದ ಬೆಳೆಯುವ ಇದು ವಿಷರಹಿತ, ರೈತನ ಇಲಿಗಳನ್ನು ಹಿಡಿಯುವ ಹಾವು. ಗುರುತಿಟ್ಟುಕೊಳ್ಳಬೇಕಾದ ವಿಷದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಭಾರತದ ಆಸ್ಪತ್ರೆಗಳಲ್ಲಿ ಬಳಸುವ ಪ್ರತಿವಿಷ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಮುಟ್ಟಿಸುವುದೇ ಜೀವ ಉಳಿಸುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಅಧಿಸೂಚನೆ ಹೊರಡಿಸಿತು.

ಬಚ್ಚಲ ನೀರು ಹರಿಯುವ ಬಾಳೆ, ಕೆಸುವಿನ ಬುಡದ ತೇವದಲ್ಲಿ ನೆಲಗಪ್ಪೆ ಇರುತ್ತದೆ. ಮೊದಲ ಮಳೆಗೆ ನೀರು ನಿಂತ ಕಡೆ ಅದು ಉದ್ದ ದಾರದಲ್ಲಿ ಪೋಣಿಸಿದ ಕಪ್ಪು ಮಣಿಗಳನ್ನು ಹೋಲುವ ಮೊಟ್ಟೆಸಾಲು ಇಡುತ್ತದೆ. ಅದರಿಂದ ಬರುವ ಗೊದಮೊಟ್ಟೆಗಳನ್ನು ಮೀನೆಂದು ತಿಳಿದು ಬಾಟಲಿಯಲ್ಲಿ ತುಂಬಿಕೊಂಡ ಮಕ್ಕಳು, ಅವಕ್ಕೆ ಕಾಲು ಮೂಡಿ ಬಾಲ ಕರಗಿದಾಗ ಬೆರಗಾಗುತ್ತಾರೆ. ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ ಮೇ, ಜೂನ್ ತಿಂಗಳಲ್ಲಿ ಮಿಂಚುಹುಳುಗಳು ಮರ ತುಂಬುತ್ತವೆ. ಅವುಗಳ ಮರಿಗಳು ನೆಲದ ತೇವದಲ್ಲಿ ಬಸವನಹುಳುಗಳನ್ನು ತಿಂದು ಬೆಳೆದಿರುತ್ತವೆ. ಬೆಳಕಿನ ಸನ್ನೆಯಿಂದಲೇ ಗಂಡು ಹೆಣ್ಣು ಒಂದನ್ನೊಂದು ಹುಡುಕುವುದರಿಂದ ಅಂಗಳದ ದೀಪ ರಾತ್ರಿಯಿಡೀ ಉರಿದರೆ ಅವುಗಳ ಹುಡುಕಾಟ ಕೆಡುತ್ತದೆ.

ಶಾಲೆಯ ದಾರಿ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಮಿರಗ ಎನ್ನುವ ಮೃಗಶಿರಾ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ ಹುಳುಗಳು ನೆಲದ ಮೇಲೆ ಹರಿದಾಡುತ್ತವೆ. ಎಂಟು ಕಾಲಿನ ಇವು ಕೀಟಗಳ ಗುಂಪಿಗೆ ಸೇರದೆ ಜೇಡ, ಉಣ್ಣೆಗಳ ಬಳಗಕ್ಕೆ ಸೇರಿವೆ. ಕರಾವಳಿ, ಮಲೆನಾಡಿನ ಮಕ್ಕಳು ದಾರಿಬದಿಯ ನೀರುಕಡ್ಡಿ ಕಿತ್ತು ಅದರ ರಸತುಂಬಿದ ಕಾಂಡದಿಂದ ಸ್ಲೇಟು ಒರೆಸುತ್ತಿದ್ದರು. ಮುಟ್ಟಿದರೆ ಮುನಿಯ ಎಲೆಗಳನ್ನು ಮಲಗಿಸುತ್ತ ಸಾಗುವುದು ಎಲ್ಲ ಜಿಲ್ಲೆಗಳ ಆಟ. ಎಲೆಯ ಬುಡದ ಉಬ್ಬಿದ ಗಂಟಿನಲ್ಲಿರುವ ಜೀವಕೋಶಗಳು ಮುಟ್ಟಿದೊಡನೆ ನೀರನ್ನು ಹೊರಬಿಟ್ಟು ಸಡಿಲಾಗುವುದರಿಂದ ಎಲೆ ಮಡಚಿಕೊಳ್ಳುತ್ತದೆ. ನೀರುಕಡ್ಡಿ, ಮುಟ್ಟಿದರೆ ಮುನಿ ಎರಡೂ ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿಯವೇ ಆಗಿಬಿಟ್ಟ ಸಸ್ಯಗಳು.

ಬಯಲುಸೀಮೆಯವರ ನೆನಪಿನ ಪೆಟ್ಟಿಗೆಯಲ್ಲಿ ಜೀರ್ಜಿಂಬೆ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಜಾಲಿ ಮರದಲ್ಲಿ ಸಿಗುವ ಈ ಹೊಳೆಯುವ ಹಸಿರು ದುಂಬಿಯನ್ನು ಬೆಂಕಿಪೊಟ್ಟಣದಲ್ಲಿ ಜಾಲಿ ಎಲೆಯ ಜೊತೆ ಇಟ್ಟು, ಮೊಟ್ಟೆ ಇಟ್ಟಿತೇ ಎಂದು ತರಗತಿಯ ನಡುವೆ ತೆರೆದು ನೋಡುತ್ತಿದ್ದರು. ಅದರ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ರೆಕ್ಕೆಗವಚದ ಅತಿ ತೆಳು ಪದರಗಳು ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಬಂದದ್ದು. ಆದ್ದರಿಂದಲೇ ದುಂಬಿ ಸತ್ತು ಎಷ್ಟೋ ವರ್ಷವಾದರೂ ಹೊಳಪು ಮಾಸುವುದಿಲ್ಲ. ಹಿಂದೆ ಈ ಕವಚಗಳನ್ನು ಬಟ್ಟೆಯ ಕಸೂತಿಗೆ ಬಳಸುತ್ತಿದ್ದರು. ಮುಂಗಾರಿನ ಕೊನೆಗೆ ಆಟದ ಮೈದಾನದ ಮೇಲೆ ಗುಂಪುಗುಂಪಾಗಿ ಹಾರುವ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿದವರೂ ಇದ್ದಾರೆ. ಅವುಗಳಲ್ಲಿ ಒಂದು ಜಾತಿ ಅಕ್ಟೋಬರ್ ನಂತರ ಮಾಲ್ಡೀವ್ಸ್ ದಾಟಿ, ಸಮುದ್ರದ ಮೇಲಿಂದ ಪೂರ್ವ ಆಫ್ರಿಕದ ಕಡೆ ವಲಸೆ ಹೋಗುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಕೈಗೆ ಸಿಕ್ಕ ಆ ಪುಟ್ಟ ಜೀವಿಗೆ ಕಡಲು ದಾಟುವ ಶಕ್ತಿ ಇದೆಯೆಂದು ತಿಳಿದ ಮಗು ದಾರವನ್ನು ತಾನೇ ಬಿಚ್ಚುತ್ತದೆ.

ದಾರಿಯಲ್ಲಿ ಎಚ್ಚರ ಬೇಕಾದದ್ದೂ ಇದೆ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿ ಆಟಕ್ಕೂ ಅಕ್ಕಸಾಲಿಗರ ತೂಕಕ್ಕೂ ಬಳಕೆಯಾದದ್ದು. ಅದನ್ನು ಅಗಿದು ನುಂಗಿದರೆ ಮಾತ್ರ ಪ್ರಾಣಕ್ಕೇ ಅಪಾಯ.

ಶಾಲೆಯ ಅಂಗಳ

ಸರ್ಕಾರಿ ಶಾಲೆಯ ಅಂಗಳದ ಮರಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಹೊಂಗೆ, ಬೇವು, ಹುಣಸೆ, ಮಳೆಮರ, ಮೇಫ್ಲವರ್. ಹುಣಸೆಯ ಎಳೆ ಚಿಗುರು ಬಾಯಿಗೆ, ಹಣ್ಣು ಉಪ್ಪು, ಜೀರಿಗೆ, ಬೆಲ್ಲದೊಡನೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿದ ಚಿಗಳಿಗೆ. ಮಡಗಾಸ್ಕರ್ ಮೂಲದ ಮೇಫ್ಲವರಿನ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಯಾರದರ ತಲೆ ಉದುರುತ್ತದೆಂದು ನೋಡುವ ಕೋಳಿಜಗಳ ಪರೀಕ್ಷೆಯ ದಿನಗಳಲ್ಲೂ ನಿಲ್ಲುತ್ತಿರಲಿಲ್ಲ. ಪುಸ್ತಕದ ನಡುವೆ ಇಟ್ಟ ನವಿಲುಗರಿ ಮರಿ ಹಾಕುತ್ತದೆಂದು ಏಪ್ರಿಲ್ 10ರ ಫಲಿತಾಂಶದವರೆಗೂ ಕಾದವರು ಅನೇಕರು. ಗಂಡು ನವಿಲು ಮಳೆಗಾಲದ ನಂತರ ಪ್ರತಿವರ್ಷ ಗರಿಗಳನ್ನು ತಾನಾಗಿಯೇ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಮಕ್ಕಳ ಪುಸ್ತಕ ಸೇರುತ್ತಿದ್ದುದು ಹೊಲದ ಬದುವಿನಲ್ಲಿ ಬಿದ್ದ ಅಂಥ ಗರಿಗಳು.

ಮಳೆನೀರು ತಾಗದ ಶಾಲೆಯ ಜಗಲಿಯ ಅಂಚಿನ ಧೂಳಿನಲ್ಲಿ ಆಲಿಕೆಯಾಕಾರದ ಪುಟ್ಟ ಗುಂಡಿಗಳಿರುತ್ತವೆ. ಪುಸ್ತಕಗಳಲ್ಲಿ ಇರುವೆ ಸಿಂಹವೆಂದು ಬರೆಯುವ ಹುಳು ಹಿಮ್ಮುಖವಾಗಿ ಸುತ್ತುತ್ತ, ತಲೆಯಿಂದ ಮಣ್ಣು ಚಿಮ್ಮುತ್ತ ಅದನ್ನು ತೋಡುತ್ತದೆ. ಗುಂಡಿಯ ಬದಿ ಮಣ್ಣು ಜಾರದೆ ನಿಲ್ಲಬಹುದಾದ ಗರಿಷ್ಠ ಇಳಿಜಾರಿನಲ್ಲಿರುತ್ತದೆ. ಅಂಚಿಗೆ ಕಾಲಿಟ್ಟ ಇರುವೆ ಕೆಳಗೆ ಜಾರುತ್ತದೆ. ಹತ್ತಲು ಹೊರಟರೆ ತಳದಲ್ಲಿ ಅಡಗಿದ ಹುಳು ಮಣ್ಣೆರಚಿ ಬೀಳಿಸುತ್ತದೆ, ಕುಡಗೋಲು ದವಡೆಗಳಲ್ಲಿ ಹಿಡಿದು ರಸ ಹೀರಿ ಒಣ ಸಿಪ್ಪೆಯನ್ನು ಹೊರಗೆ ಚಿಮ್ಮುತ್ತದೆ. ಕೊನೆಗೆ ಮರಳಿನ ಉಂಡೆಯೊಳಗೆ ಕೋಶವಾಗಿ, ನಾಲ್ಕು ಪಾರದರ್ಶಕ ರೆಕ್ಕೆಗಳ ಹಾರುವ ಕೀಟವಾಗಿ ಹೊರಬರುತ್ತದೆ. ವಿಜ್ಞಾನದ ಮೇಷ್ಟ್ರು ಒಂದು ಅವಧಿ ಮಕ್ಕಳನ್ನು ಇಲ್ಲಿ ಕೂರಿಸಿದರೆ ಇಳಿಜಾರು, ಘರ್ಷಣೆ, ಆಹಾರ ಸರಪಳಿ ಮೂರೂ ಪಾಠ ಮುಗಿಯುತ್ತವೆ.

ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ರೇಷ್ಮೆ ಹುಳುವೇ ಮನೆಯ ಪಾಠ. ಶಾಲೆ ಬಿಟ್ಟೊಡನೆ ಹಿಪ್ಪುನೇರಳೆ ಸೊಪ್ಪು ತಂದು ತಟ್ಟೆಗಳಿಗೆ ಹರಡಬೇಕು. ಹುಳು ನಾಲ್ಕು ಬಾರಿ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ನಿಂತು ಪೊರೆ ಬಿಡುತ್ತದೆ; ರೈತರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವಾಗ ರಾತ್ರಿ ಮನೆಯಿಡೀ ಸೋನೆ ಮಳೆ ಹಿಡಿದಂಥ ಸದ್ದು. ತಿಂಗಳಿನೊಳಗೆ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟರೆ ನೂರಾರು ಮೀಟರ್ ಉದ್ದದ ಒಂದೇ ಎಳೆಯಲ್ಲಿ ಗೂಡು ಕಟ್ಟುತ್ತವೆ.

ಈ ಕಣ್ಣಿನ ಪಾಠಕ್ಕೆ ಕನ್ನಡದಲ್ಲಿ ಪುಸ್ತಕದ ಬೆಂಬಲವೂ ಹಳೆಯದು. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಹೊರತಂದದ್ದು 1936ರಲ್ಲಿ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಬಿ.ಜಿ.ಎಲ್. ಸ್ವಾಮಿ ಅವರು ‘ಹಸುರು ಹೊನ್ನು’ವಿನಲ್ಲಿ ಬರೆದರು; 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತೇಜಸ್ವಿಯವರ ‘ಹಕ್ಕಿಪುಕ್ಕ’ ಹಿಡಿದು ಹಕ್ಕಿ ಗುರುತಿಸಲು ಕಲಿತವರು ರಾಜ್ಯದ ತುಂಬ ಇದ್ದಾರೆ.

ಆಸರೆಗಳನ್ನು ಉಳಿಸುವ ಬಗೆ

ಹಿತ್ತಲು ಚಿಕ್ಕದಾಗಿ, ಶಾಲೆಯ ಅಂಗಳಕ್ಕೆ ಕಾಂಕ್ರೀಟ್ ಬಿದ್ದ ಕಡೆ ಮಕ್ಕಳಿಗೆ ಈ ಜೀವಿಗಳು ಪರದೆಯ ಮೇಲಷ್ಟೇ ಕಾಣುತ್ತವೆ. ಅದನ್ನು ಬದಲಿಸಲು ದೊಡ್ಡ ಜಾಗ, ದೊಡ್ಡ ಹಣ ಬೇಡ. ಬಾಲ್ಕನಿಯ ಕುಂಡದ ಕರಿಬೇವಿಗೂ ಮಾರ್ಮನ್ ಚಿಟ್ಟೆ ಬರುತ್ತದೆ. ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳ ನೀರಿಟ್ಟು, ಸೊಳ್ಳೆ ಮರಿ ಮಾಡದಂತೆ ಒಂದೆರಡು ದಿನಕ್ಕೊಮ್ಮೆ ತೊಳೆದು ತುಂಬಿದರೆ ಬೇಸಿಗೆಯಲ್ಲಿ ಪಿಕಳಾರ, ಮಡಿವಾಳ, ಗುಬ್ಬಿ ಎಲ್ಲವೂ ಬರುತ್ತವೆ. ಉದುರಿದ ಎಲೆಗೆ ಬೆಂಕಿ ಹಚ್ಚದೆ ಗಿಡದ ಬುಡಕ್ಕೆ ಹಾಕಿದರೆ ಕಪ್ಪೆ, ಮಿಂಚುಹುಳುಗಳಿಗೆ ತೇವ ಸಿಗುತ್ತದೆ. ಅಂಗಳದ ಒಂದು ಮೂಲೆಯನ್ನಾದರೂ ಬರಿಮಣ್ಣಾಗಿ ಬಿಡಬೇಕು. ಗೂಡು ಕಟ್ಟಿದ ಕೊಂಬೆಯನ್ನು ಮರಿಗಳು ಹಾರುವವರೆಗೆ ಕಡಿಯಬಾರದು. ಸಾಕಿದ ಬೆಕ್ಕನ್ನು ಮುಂಜಾನೆ, ಮುಸ್ಸಂಜೆ ಮನೆಯೊಳಗಿಟ್ಟರೆ ಹಕ್ಕಿಮರಿಗಳ ಜೀವ ಉಳಿಯುತ್ತದೆ.

ಶಾಲೆಗಳಲ್ಲಿ ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಅಡುಗೆಗೆ ಸೊಪ್ಪು, ನುಗ್ಗೆ, ಕರಿಬೇವು ಒದಗಿಸುವ ಕೈತೋಟಗಳು ಅನೇಕ ಸರ್ಕಾರಿ ಶಾಲೆಗಳಲ್ಲಿವೆ. ಪರಿಸರ ಕ್ಲಬ್‌ಗಳಿವೆ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡ, ಕೇಳಿದ ಹಕ್ಕಿಗಳನ್ನು ಪಟ್ಟಿ ಮಾಡಿ ಇ-ಬರ್ಡ್ ಜಾಲತಾಣಕ್ಕೆ ಕಳುಹಿಸಿದರೆ ಆ ಪಟ್ಟಿ ದೇಶದ ದಾಖಲೆಗೆ ಸೇರುತ್ತದೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಶಾಲಾಮಕ್ಕಳಿಗಾಗಿ ಕನ್ನಡದಲ್ಲೂ ಹಕ್ಕಿ ಪರಿಚಯದ ಸಾಮಗ್ರಿ ರೂಪಿಸಿದೆ.

ಹಿರಿಯರ ನೆನಪಿಗೂ ಇಲ್ಲಿ ಬೆಲೆ ಇದೆ. ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತಿತ್ತು, ಜೀರ್ಜಿಂಬೆ ಯಾವ ತಿಂಗಳಲ್ಲಿ ಸಿಗುತ್ತಿತ್ತು, ಯಾವ ಹೊಂಡದಲ್ಲಿ ಗೊದಮೊಟ್ಟೆ ಇರುತ್ತಿತ್ತು ಎಂಬುದನ್ನು ಮಕ್ಕಳು ಅಜ್ಜ ಅಜ್ಜಿಯರಿಂದ, ಶಾಲೆಯ ಹಳೆಯ ವಿದ್ಯಾರ್ಥಿಗಳಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಈಗ ಕಾಣುವುದರೊಡನೆ ಹೋಲಿಸಿದರೆ ಊರಿನ ಪರಿಸರದ ಚರಿತ್ರೆ ಸಿದ್ಧವಾಗುತ್ತದೆ. ಶತಮಾನೋತ್ಸವ ಆಚರಿಸುವ ಶಾಲೆಗಳು ಸ್ಮರಣ ಸಂಚಿಕೆಯಲ್ಲಿ ಹೆಡ್‌ಮಾಸ್ಟರುಗಳ ಪಟ್ಟಿಯ ಜೊತೆಗೆ ಅಂಗಳದ ಮರ, ಹಕ್ಕಿ, ಚಿಟ್ಟೆಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದರೆ, ಮುಂದಿನ ತಲೆಮಾರಿನ ಮಕ್ಕಳಿಗೆ ಏನು ಉಳಿದಿದೆ, ಏನನ್ನು ಮತ್ತೆ ನೆಟ್ಟು ಕರೆತರಬೇಕಿದೆ ಎಂಬುದರ ಲೆಕ್ಕ ಕೈಯಲ್ಲಿರುತ್ತದೆ.